ಗಂಡಿಲಿ ಸುಮ್ಮನಾಗುವುದು ದಣಿವಿನಿಂದಲ್ಲ

ಪ್ರಶ್ನೆ: ನಾನು ಜೀವಶಾಸ್ತ್ರದ ಪದವಿ ವಿದ್ಯಾರ್ಥಿನಿ. ಮಿದುಳಿನ ಕೆಲವು ಕೋಶಗಳನ್ನು ಬೆಳಕಿನಿಂದ ಕೆರಳಿಸಿದರೆ, ಆಗಷ್ಟೇ ಕೂಡಿ ಮುಗಿಸಿದ ಗಂಡಿಲಿಯೂ ಮತ್ತೆ ಕೂಡಲು ಹೋಗುತ್ತದೆ ಎಂದು ಓದಿದೆ. ಹಾಗಾದರೆ ಆಸೆ ಅನ್ನುವುದು ಬರೀ ಒಂದು ಸ್ವಿಚ್ಚಾ? ಕೂಡಿದ ಮೇಲೆ ಇಲಿ ಸುಮ್ಮನಾಗುವುದು ದಣಿವಿನಿಂದ ಅಲ್ವಾ? ಎಲ್ಲ ಸುದ್ದಿಯೂ ಗಂಡಿನ ಬಗ್ಗೆಯೇ ಇರುತ್ತದೆ. ಹೆಣ್ಣಿಲಿಯ ಮಿದುಳಿನಲ್ಲಿ ಏನೂ ನಡೆಯುವುದಿಲ್ಲವಾ? ಇದನ್ನು ಮನುಷ್ಯರಿಗೂ ಅನ್ವಯಿಸಬಹುದಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಆ ಗಂಟು ಬಿಚ್ಚಿದರೆ ಉಳಿದವು ಸಡಿಲವಾಗುತ್ತವೆ.

ದಣಿವು ಕಾರಣವಲ್ಲ. ಇದನ್ನು ತಿಳಿಯಲು ಮಿದುಳಿನೊಳಗೆ ಇಣುಕುವ ಉಪಕರಣವೇ ಬೇಕಾಗಿರಲಿಲ್ಲ. ರ‍್ಯಾಟ್ ಎನ್ನುವ ದೊಡ್ಡ ಜಾತಿಯ ಇಲಿಯಲ್ಲಿ ಇದನ್ನು ಎಷ್ಟೋ ದಶಕಗಳ ಹಿಂದೆಯೇ ಕಂಡುಕೊಂಡಿದ್ದರು. ಒಂದು ಗಂಡು, ಬೆದೆಗೆ ಬಂದ ಒಂದು ಹೆಣ್ಣು. ಗಂಡು ಮತ್ತೆ ಮತ್ತೆ ಕೂಡುತ್ತದೆ, ಕೊನೆಗೆ ಸಾಕಾಗಿ ಮೂಲೆ ಸೇರುತ್ತದೆ. ಹೆಣ್ಣು ಹತ್ತಿರ ಬಂದರೂ ಏಳುವುದಿಲ್ಲ. ಆಗ ಹಳೆಯ ಹೆಣ್ಣನ್ನು ತೆಗೆದು ಬೇರೊಂದು ಹೆಣ್ಣನ್ನು ಬಿಡಿ. ಗಂಡು ಎದ್ದು ಬರುತ್ತದೆ! ಕೂಲಿಡ್ಜ್ ಪರಿಣಾಮ ಅಂತ ಇದಕ್ಕೆ ಹೆಸರು. ಕಾಲು ಸೋತು ಕೂತಿದ್ದರೆ, ಹೊಸ ಹೆಣ್ಣು ಕಂಡ ತಕ್ಷಣ ಕಾಲಿಗೆ ಬಲ ಎಲ್ಲಿಂದ ಬರಬೇಕು? ಅಂದರೆ ‘ಸಾಕು’ ಎಂದು ಹೇಳುತ್ತಿರುವುದು ಮಿದುಳು. ಹಾಗೆ ಹೇಳುವ ಕೋಶಗಳು ಯಾವುವು ಎನ್ನುವುದಕ್ಕೆ ನೇರವಾದ ಸಾಕ್ಷಿ ಸಿಕ್ಕಿದ್ದು ಮಾತ್ರ ತೀರಾ ಈಚೆಗೆ, 2023ರಲ್ಲಿ. ಅಲ್ಲಿಗೆ ಬರುವ ಮುಂಚೆ ಸ್ವಲ್ಪ ದಾರಿ ನಡೆಯಬೇಕು.

ಮೊದಲು ಪಂಜರದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಇಲ್ಲಿಂದ ಮುಂದೆ ನಾನು ಇಲಿ ಅಂದರೆ ಪ್ರಯೋಗಾಲಯದ ಸಣ್ಣ ಇಲಿ ಅಂತಲೇ ತಿಳಿಯಿರಿ. ಗಂಡು ಮೊದಲು ಮೂಗಿನ ಕೆಲಸ ಮಾಡುತ್ತದೆ. ಹೆಣ್ಣಿನ ಮುಖ, ಪಕ್ಕೆ, ಹಿಂಭಾಗ ಎಲ್ಲವನ್ನೂ ಮೂಸುತ್ತದೆ. ಆಮೇಲೆ ಹಾಡುತ್ತದೆ. ಅದು ನಮಗೆ ಕೇಳಿಸುವುದಿಲ್ಲ. ನಮ್ಮ ಕಿವಿ ಸುಮಾರು 20 ಕಿಲೋಹರ್ಟ್ಸ್‌ಗೆ ನಿಂತುಬಿಡುತ್ತದೆ, ಗಂಡಿಲಿಯ ಹಾಡು 70ರ ಆಸುಪಾಸಿನಲ್ಲಿರುತ್ತದೆ. ಹಾಡುತ್ತಾ ಹಿಂದೆ ಸುತ್ತುತ್ತದೆ, ಬೆನ್ನೇರುತ್ತದೆ, ಮುಂಗಾಲುಗಳಿಂದ ಹೆಣ್ಣಿನ ಪಕ್ಕೆ ಹಿಡಿಯುತ್ತದೆ. ಇಳಿಯುತ್ತದೆ, ತನ್ನನ್ನು ನೆಕ್ಕಿಕೊಳ್ಳುತ್ತದೆ, ಮತ್ತೆ ಏರುತ್ತದೆ. ಹೀಗೆ ಹಲವು ಸಲ. ಕೊನೆಯ ಸಲ ಮೈ ಸೆಟೆದು, ಕೆಲವು ಸೆಕೆಂಡು ಕಲ್ಲಿನಂತೆ ನಿಂತುಬಿಡುತ್ತದೆ. ಎಷ್ಟೋ ಸಲ ಹಾಗೇ ಪಕ್ಕಕ್ಕೆ ಉರುಳುತ್ತದೆ. ಅದೇ ಸ್ಖಲನ. ಆಮೇಲೆ ದೂರ ಸರಿದು ಮೈ ಸ್ವಚ್ಛ ಮಾಡಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಬೆನ್ನು ಬಿಡದೆ ಸುತ್ತುತ್ತಿದ್ದ ಪ್ರಾಣಿ, ಈಗ ಅದೇ ಹೆಣ್ಣು ಮೂಗಿನ ಮುಂದೆ ಹಾದುಹೋದರೂ ತಿರುಗಿ ನೋಡುವುದಿಲ್ಲ. ಹೆಣ್ಣಿನ ವಾಸನೆ ಬದಲಾಗಿಲ್ಲ, ಪಂಜರ ಬದಲಾಗಿಲ್ಲ. ಬದಲಾಗಿರುವುದು ಗಂಡಿನ ಮಿದುಳಿನೊಳಗೆ ಏನೋ ಒಂದು.

ಆ ‘ಏನೋ ಒಂದ’ನ್ನು ನೋಡುವುದು ಹೇಗೆ? ಇಲಿಯ ಮಿದುಳಿನಲ್ಲಿ ಸುಮಾರು 7 ಕೋಟಿ ನರಕೋಶಗಳಿವೆ. ನರಕೋಶ ಚುರುಕಾದಾಗ ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕ್ಯಾಲ್ಸಿಯಂ ತಗುಲಿದರೆ ಹಸಿರಾಗಿ ಹೊಳೆಯುವ ಒಂದು ಪ್ರೋಟೀನನ್ನು ವಿಜ್ಞಾನಿಗಳು ತಯಾರಿಸಿದ್ದಾರೆ. ಜೆಲ್ಲಿಫಿಶ್‌ನ ಹೊಳೆಯುವ ಪ್ರೋಟೀನೇ ಅದರ ಮೂಲ. ಅದರ ವಂಶವಾಹಿಯನ್ನು ಹಾನಿ ಮಾಡದ ವೈರಸ್ಸಿನ ಮೂಲಕ, ಬೇಕಾದ ಬಗೆಯ ಕೋಶಗಳಿಗೆ ಮಾತ್ರ ಸೇರಿಸುತ್ತಾರೆ. ಕಡ್ಡಿಯಂಥ ಸಣ್ಣ ಮಸೂರವನ್ನು ಆ ಜಾಗದ ಮೇಲೆ ಕೂರಿಸುತ್ತಾರೆ. ತಲೆಯ ಮೇಲೆ ಸುಮಾರು 2 ಗ್ರಾಂ ತೂಕದ ಪುಟ್ಟ ಸೂಕ್ಷ್ಮದರ್ಶಕ. ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡ ಮೇಲೆ, ಅದಕ್ಕೆ ಒಗ್ಗಿದ ಇಲಿ ಅದನ್ನು ಹೊತ್ತುಕೊಂಡೇ ಓಡಾಡುತ್ತದೆ, ಮೂಸುತ್ತದೆ, ಕೂಡುತ್ತದೆ. ಪರದೆಯ ಮೇಲೆ ನೂರಾರು ಹಸಿರು ಚುಕ್ಕೆಗಳು ಹೊತ್ತಿ ಆರುತ್ತಿರುತ್ತವೆ. ಈ ತಂತ್ರ ಬರುವ ಮುಂಚೆ ಹೆಚ್ಚಾಗಿ ನೆಚ್ಚಿಕೊಂಡಿದ್ದು ಸಿ-ಫಾಸ್ ಎಂಬ ಪ್ರೋಟೀನಿನ ಗುರುತನ್ನು. ಕೂಡಿ ಒಂದು ಗಂಟೆಯಷ್ಟು ಕಳೆದ ಮೇಲೆ ಮಿದುಳನ್ನು ಹೊರತೆಗೆದು ಯಾವ ಕೋಶಗಳಲ್ಲಿ ಅದು ಮೂಡಿದೆ ಎಂದು ನೋಡುತ್ತಿದ್ದರು. ಜಾತ್ರೆ ಮುಗಿದ ಮೇಲೆ ಮೈದಾನ ನೋಡಿದ ಹಾಗೆ. ಜನ ಬಂದಿದ್ದರು ಅಂತ ಗೊತ್ತಾಗುತ್ತದೆ. ಯಾರು ಮೊದಲು ಬಂದರು, ಯಾರು ಯಾವಾಗ ಎದ್ದು ಹೋದರು ಅನ್ನುವುದು ಗೊತ್ತಾಗುವುದಿಲ್ಲ.

ಬೆಳಕಿನ ಪ್ರಯೋಗ ಇನ್ನೊಂದು ಬಗೆಯದು. ಪಾಚಿಯಿಂದ ತೆಗೆದ, ಬೆಳಕು ಬಿದ್ದರೆ ತೆರೆದುಕೊಳ್ಳುವ ಪ್ರೋಟೀನನ್ನು ಕೋಶಕ್ಕೆ ಸೇರಿಸುತ್ತಾರೆ. ಕೂದಲೆಳೆಯಂಥ ತಂತುವಿನಲ್ಲಿ ನೀಲಿ ಬೆಳಕು ಬಿಟ್ಟರೆ ಆ ಕೋಶ ಕೆರಳುತ್ತದೆ. ನೀವು ಓದಿದ ಸುದ್ದಿ ಇದರದ್ದು. ಸುದ್ದಿಯಾಗುವುದು ಯಾವಾಗಲೂ ಇದೇ. ಬೆಳಕು ಬಿಟ್ಟರು, ಇಲಿ ಎದ್ದಿತು, ನೋಡೋಕೆ ಮಾಂತ್ರಿಕವಾಗಿರುತ್ತದೆ. ನನ್ನ ಮಟ್ಟಿಗೆ ಜಾಸ್ತಿ ಕಲಿಸಿದ್ದು ಸುಮ್ನೆ ನೋಡುವ ತಂತ್ರ. ಕೋಶವನ್ನು ಹೊರಗಿನಿಂದ ಕೆರಳಿಸಿದಾಗ ಏನಾಗಬಹುದು ಅಂತ ಬೆಳಕು ಹೇಳುತ್ತದೆ. ಇಲಿ ತನ್ನಷ್ಟಕ್ಕೆ ತಾನಿದ್ದಾಗ ಆ ಕೋಶ ನಿಜಕ್ಕೂ ಏನು ಮಾಡುತ್ತಿರುತ್ತದೆ ಅಂತ ಹೇಳುವುದು ಹಸಿರು ಚುಕ್ಕೆ.

ಈಗ ನಿಮ್ಮ ಸ್ವಿಚ್ಚಿಗೆ ಬರೋಣ. ನೀವು ಓದಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಿರಾವ್ ಶಾ ಅವರ ತಂಡ 2023ರಲ್ಲಿ ಪ್ರಕಟಿಸಿದ ಕೆಲಸ ಇರಬೇಕು. ಅಲ್ಲಿ ಕಂಡದ್ದು ಒಂದು ಗುಂಡಿಗಿಂತ ಒಂದು ಸರಪಳಿಯ ಹಾಗಿದೆ. ಮೂಗಿನಿಂದ ಬಂದ ವಾಸನೆಯ ಸುದ್ದಿ ಬಿಎನ್‌ಎಸ್‌ಟಿ ಎಂಬ ಸಣ್ಣ ಜಾಗಕ್ಕೆ ತಲುಪುತ್ತದೆ. ಎದುರಿಗಿರುವುದು ಹೆಣ್ಣು ಎಂದು ಗುರುತು ಸಿಕ್ಕಮೇಲೆ, ಅಲ್ಲಿನ ಒಂದು ಬಗೆಯ ಕೋಶಗಳು ಮುಂದಿನ ಕೊಂಡಿಗೆ ‘ಸಬ್‌ಸ್ಟೆನ್ಸ್ ಪಿ’ ಎಂಬ ರಾಸಾಯನಿಕವನ್ನು ಬಿಡುತ್ತವೆ. ಮುಂದಿನ ಕೊಂಡಿ ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್‌ನ ಮುಂಭಾಗದ ಪ್ರೀಆಪ್ಟಿಕ್ ಪ್ರದೇಶ. ಆ ರಾಸಾಯನಿಕವನ್ನು ಹಿಡಿಯುವ ಕೋಶಗಳು ಅಲ್ಲಿವೆ. ಅವು ಹುರುಪಾದಾಗ ಎರಡು ಕಡೆಗೆ ಸುದ್ದಿ ಹೋಗುತ್ತದೆ, ಮೈಯನ್ನು ಚಲಿಸುವ ಕೇಂದ್ರಗಳಿಗೆ ಮತ್ತು ಸುಖ ಕೊಡುವ ಡೋಪಮಿನ್ ವ್ಯವಸ್ಥೆಗೆ. ಈ ಎರಡನೇ ಕೊಂಡಿಯನ್ನು ನೇರವಾಗಿ ಕೆರಳಿಸಿದಾಗ ತಣಿದು ಕೂತಿದ್ದ ಗಂಡೂ ಎದ್ದು ಕೂಡಲು ಹೋಯಿತು. ಅಷ್ಟೇ ಅಲ್ಲ, ಆ ಕೋಶಗಳು ಕೆರಳುವ ಅವಕಾಶ ತನ್ನ ಕೈಯಲ್ಲೇ ಇದ್ದಾಗ ಇಲಿ ಅದನ್ನು ತಾನಾಗಿಯೇ ಮತ್ತೆ ಮತ್ತೆ ಬಳಸಿಕೊಂಡಿತು. ಅಂದರೆ ಅದಕ್ಕೆ ಅದು ಹಿತವಾಗಿತ್ತು.

ಸ್ವಿಚ್ ಅನ್ನುವ ಮಾತು ನನಗೆ ಸಾಲದು ಅನ್ನಿಸುವುದು ಪಕ್ಕದ ಒಂದು ಜಾಗವನ್ನು ನೋಡಿದಾಗ. ಹೈಪೋಥಲಾಮಸ್‌ನಲ್ಲೇ ವಿಎಂಎಚ್ ಎಂಬ ಇನ್ನೊಂದು ಪುಟ್ಟ ಗಂಟು ಇದೆ. 2011ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಡೇವಿಡ್ ಆ್ಯಂಡರ್ಸನ್ ಅವರ ಪ್ರಯೋಗಾಲಯದಲ್ಲಿ ಡಾಯು ಲಿನ್ ಮತ್ತು ಜೊತೆಗಾರರು ಅದರ ಹೊರ ಅಂಚಿನ ಕೋಶಗಳಿಗೆ ಬೆಳಕು ಬಿಟ್ಟರು. ಗಂಡಿಲಿ ಹೆಣ್ಣಿನ ಮೇಲೂ ದಾಳಿ ಮಾಡಿತು, ಗಾಳಿ ತುಂಬಿದ ಕೈಗವಸಿನ ಮೇಲೂ ಎರಗಿತು! ಜಗಳದ ಕೇಂದ್ರ ಸಿಕ್ಕಿತು ಅಂತ ಎಲ್ಲರೂ ಮಾತಾಡಿಕೊಂಡರು. ಆದರೆ ಅದೇ ಪ್ರಯೋಗದಲ್ಲಿ ನನಗೆ ಇವತ್ತಿಗೂ ಬೆರಗಾಗುವ ಇನ್ನೊಂದು ಸಂಗತಿ ಇತ್ತು. ಜಗಳದಲ್ಲಿ ಚುರುಕಾಗುವ ಕೋಶಗಳೂ ಕೂಡುವಾಗ ಚುರುಕಾಗುವ ಕೋಶಗಳೂ ಅಲ್ಲಿ ಒಂದರ ಪಕ್ಕ ಒಂದು ಬೆರೆತುಕೊಂಡಿವೆ. ಗಂಡು ಕೂಡುವುದರಲ್ಲಿ ಮುಂದೆ ಸಾಗಿದಂತೆ ಜಗಳದ ಕೋಶಗಳು ಅದುಮಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಬೆಳಕು ಬಿಟ್ಟರೆ ದಾಳಿ ಎಬ್ಬಿಸುವುದು ಕಷ್ಟ. ಸ್ಖಲನ ಆದಮೇಲೆ ಮತ್ತೆ ಸುಲಭ. ಅದೇ ಬೆಳಕು, ಅವೇ ಕೋಶಗಳು, ಫಲ ಮಾತ್ರ ಬೇರೆ. ಸ್ವಿಚ್ ಹಾಕಿದರೆ ದೀಪ ಯಾವಾಗಲೂ ಹೊತ್ತಬೇಕಲ್ವಾ? ಇಲ್ಲಿ ಇಲಿ ಆ ಕ್ಷಣ ಯಾವ ಸ್ಥಿತಿಯಲ್ಲಿದೆ ಎನ್ನುವುದೂ ತೀರ್ಮಾನ ಮಾಡುತ್ತದೆ.

2014ರಲ್ಲಿ ಇದೇ ಪ್ರಯೋಗಾಲಯ ಇನ್ನೂ ಒಂದು ಸೂಕ್ಷ್ಮ ತೋರಿಸಿತು. ಅಲ್ಲಿನ, ಈಸ್ಟ್ರೊಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನು (ಗ್ರಾಹಕ) ಇರುವ ಕೋಶಗಳಿಗೆ ಮಂದ ಬೆಳಕು ಬಿಟ್ಟರೆ ಗಂಡು ಬೆನ್ನೇರುತ್ತದೆ, ಜೋರು ಬೆಳಕು ಬಿಟ್ಟರೆ ಕಚ್ಚುತ್ತದೆ. ಹಾಗಾದರೆ ಬೆನ್ನೇರುವುದು ಅಂದರೆ ಆಸೆಯೋ ಜಬರದಸ್ತೋ? 2021ರಲ್ಲಿ ಅದಕ್ಕೂ ಉತ್ತರ ಬಂತು. ಸುಳಿವು ಸಿಕ್ಕಿದ್ದು ಹಾಡಿನಲ್ಲಿ. ಪ್ರೀಆಪ್ಟಿಕ್ ಪ್ರದೇಶದ ಕೋಶಗಳನ್ನು ಕೆರಳಿಸಿದಾಗ ಗಂಡು ಹಾಡುತ್ತಾ ಬೆನ್ನೇರಿತು. ವಿಎಂಎಚ್‌ನ ಕೋಶಗಳನ್ನು ಕೆರಳಿಸಿದಾಗ ಹಾಡಿಲ್ಲದೆ ಬೆನ್ನೇರಿತು. ಗಂಡಿಲಿಗಳು ಒಂದರ ಮೇಲೊಂದು ಅಧಿಕಾರ ತೋರಿಸಲು ಏರುವುದೂ ಹೀಗೆ ಹಾಡಿಲ್ಲದೆಯೇ. ಕಣ್ಣಿಗೆ ಒಂದೇ ರೀತಿ ಕಾಣುವ ಚಲನೆ, ಒಳಗೆ ಎರಡು ಬೇರೆ ಬೇರೆ ಉದ್ದೇಶ. ಕಿವಿಗೊಟ್ಟವರಿಗೆ ಮಾತ್ರ ಅದು ಸಿಕ್ಕಿತು.

ಇನ್ನೊಂದನ್ನು ಇಲ್ಲಿ ಹೇಳಲೇಬೇಕು. ಪಠ್ಯಪುಸ್ತಕದಲ್ಲಿ ಕೂಡುವುದನ್ನು ಹುಟ್ಟುಗುಣ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹುಟ್ಟುಗುಣ ಹೌದು. ಆದರೆ ವಿಎಂಎಚ್‌ನಲ್ಲಿ ಹಸಿರು ಚುಕ್ಕೆಗಳನ್ನು ದಿನಗಟ್ಟಲೆ ನೋಡಿದವರಿಗೆ 2017ರಲ್ಲಿ ಬೇರೆಯೇ ಕಂಡಿತು. ಅನುಭವವಿಲ್ಲದ ಗಂಡಿಲಿಯ ಎದುರು ಹೆಣ್ಣನ್ನು ಬಿಟ್ಟರೂ ಗಂಡನ್ನು ಬಿಟ್ಟರೂ ಹೊತ್ತುವ ಚುಕ್ಕೆಗಳು ಹೆಚ್ಚುಕಡಿಮೆ ಕಲಸಿಕೊಂಡಿದ್ದವು. ಬೇರೆ ಇಲಿಗಳ ಜೊತೆ ಒಡನಾಡುತ್ತಾ, ಕೂಡುತ್ತಾ ಹೋದಂತೆ ‘ಹೆಣ್ಣಿನ’ ಗುಂಪು ಒಂದಾಯಿತು, ‘ಗಂಡಿನ’ ಗುಂಪು ಇನ್ನೊಂದಾಯಿತು. ಬರೀ ಮೂಸಲು ಬಿಟ್ಟು, ಏರಲೂ ಜಗಳವಾಡಲೂ ಬಿಡದಿದ್ದರೆ ಗುಂಪುಗಳು ಬೇರೆಯಾಗಲೇ ಇಲ್ಲ. ಹೆಣ್ಣಿನ ಜೊತೆ 30 ನಿಮಿಷದ ಲೈಂಗಿಕ ಅನುಭವ ಸಿಕ್ಕರೆ ಸಾಕಾಯಿತು. ಮರುದಿನ ಅದೇ ಗಂಡು ಬೇರೆ ಗಂಡಿನ ಮೇಲೆ ದಾಳಿಯನ್ನೂ ಮಾಡಿತು. ಹುಟ್ಟುಗುಣದ ಕೋಶಗಳನ್ನೂ ಅನುಭವ ತಿದ್ದುತ್ತದೆ. ಇದನ್ನು ನಿಮ್ಮ ನೋಟ್ಸಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳಿ.

ಕೂಡುವ ಹೊತ್ತಿನಲ್ಲಿ ಮಿದುಳಿನ ಬೇರೆ ಭಾಗಗಳೂ ಸುಮ್ಮನಿರುವುದಿಲ್ಲ. ನ್ಯೂಕ್ಲಿಯಸ್ ಅಕ್ಯೂಂಬೆನ್ಸ್ ಎಂಬಲ್ಲಿ ಡೋಪಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಗಳು ತಾಳಬದ್ಧವಾಗಿ ಏರಿಳಿಯುತ್ತವೆ. ಸ್ಖಲನದ ಕೆಲಸಕ್ಕಂತೂ ಬೆನ್ನುಹುರಿಯಲ್ಲೇ ಒಂದು ಪುಟ್ಟ ಕೇಂದ್ರವಿದೆ. 2002ರಲ್ಲಿ ರ‍್ಯಾಟ್‌ಗಳಲ್ಲಿ ಸೊಂಟದ ಮಟ್ಟದ ಆ ಕೋಶಗಳನ್ನು ಮಾತ್ರ ನಾಶ ಮಾಡಿದಾಗ, ಗಂಡು ಎಂದಿನಂತೆ ಏರಿತು, ಕೂಡಿತು, ಆದರೆ ಸ್ಖಲನ ಆಗಲಿಲ್ಲ.

ಈಗ ಆ ‘ಸಾಕು’. ಬಿಎನ್‌ಎಸ್‌ಟಿಗೆ ವಾಪಸ್ಸು ಬರೋಣ, ಅದೇ ಸರಪಳಿಯ ಮೊದಲ ಕೊಂಡಿ ಇದ್ದ ಜಾಗ. ಅಲ್ಲೇ ಇನ್ನೊಂದು ಬಗೆಯ ಕೋಶಗಳಿವೆ. ಈಸ್ಟ್ರೊಜನ್‌ಗೆ ಎರಡು ಮುಖ್ಯ ಗ್ರಾಹಕಗಳಿವೆ, ಇವುಗಳಲ್ಲಿರುವುದು ಎರಡನೆಯದು. ಇವು ಹೊತ್ತುವುದು ಮೂಸುವಾಗಲ್ಲ, ಏರುವಾಗಲ್ಲ. ಸ್ಖಲನ ಆದಾಗ. 2023ರಲ್ಲೇ ಇನ್ನೊಂದು ತಂಡ ಕಂಡ ಅಸಲಿ ಸಂಗತಿ ಅದರ ನಂತರದ್ದು. ಆ ಒಂದು ಘಟನೆಯ ಬಳಿಕ ಈ ಕೋಶಗಳು ದಿನಗಟ್ಟಲೆ ಅತಿ ಚುರುಕಾಗಿಯೇ ಉಳಿಯುತ್ತವೆ. ಅವುಗಳನ್ನು ಕೆರಳಿಸಲು ಮುಂಚೆಗಿಂತ ಕಡಿಮೆ ಪ್ರಚೋದನೆ ಸಾಕಾಗುತ್ತದೆ. ಕೋಶದ ಪೊರೆಯಲ್ಲಿ ಎಚ್‌ಸಿಎನ್ ಎಂಬ ಅಯಾನು ದಾರಿಗಳಿವೆ. ಅವುಗಳ ಮೂಲಕ ಹರಿಯುವ ವಿದ್ಯುತ್ತು ಹೆಚ್ಚಾಗುವುದು ಇದಕ್ಕೆ ಒಂದು ಕಾರಣ. ಕೋಶಗಳು ಹೀಗೆ ಬಿಸಿಯಾಗಿರುವಷ್ಟು ದಿನ ಇಲಿಗೆ ಆಸಕ್ತಿ ಇರುವುದಿಲ್ಲ. ಅವುಗಳನ್ನು ತಣ್ಣಗಾಗಿಸಿದರೆ ತಣಿದಿದ್ದ ಇಲಿ ಬೇಗನೆ ಮತ್ತೆ ಕೂಡಲು ತಯಾರಾಗುತ್ತದೆ, ಗಂಡೂ ಅಷ್ಟೇ, ಹೆಣ್ಣೂ ಅಷ್ಟೇ.

ಇದನ್ನು ಓದಿದ ದಿನ ನನ್ನ ತಲೆಯಲ್ಲಿದ್ದ ಚಿತ್ರವೇ ತಿರುವುಮುರುವಾಯಿತು. ತೃಪ್ತಿ ಅಂದರೆ ಬೆಂಕಿ ಆರಿದ ಒಲೆ ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ನೋಡಿದರೆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತ ಇಲಿಯ ಮಿದುಳಿನಲ್ಲಿ ಒಂದು ಗುಂಪು ಕೋಶಗಳು ದಿನಗಟ್ಟಲೆ ಬಿಡುವಿಲ್ಲದೆ ದುಡಿಯುತ್ತಿವೆ. ಬೇಡ ಅನ್ನುವುದೂ ಒಂದು ಕೆಲಸ. ನೀವು ಓದಿದ ಪ್ರಯೋಗದಲ್ಲಿ ಬೆಳಕು ಮಾಡಿದ್ದು ಬಹುಶಃ ಇದನ್ನು: ‘ಸಾಕು’ ಅನ್ನುವ ಕೋಶಗಳು ತಮ್ಮ ಪಾಡಿಗೆ ಕೂಗುತ್ತಿದ್ದಾಗಲೇ, ಅವುಗಳನ್ನು ಮುಟ್ಟದೆ ಪಕ್ಕದಿಂದ ಹಾದು ಸರಪಳಿಯ ಕೆಳಗಿನ ಕೊಂಡಿಯನ್ನು ಜೋರಾಗಿ ಎಳೆದದ್ದು. ಇದು ನನ್ನ ಊಹೆ. ಎರಡೂ ಬೇರೆ ಬೇರೆ ತಂಡಗಳ ಕೆಲಸ, ನಾನು ಜೋಡಿಸಿ ಓದುತ್ತಿದ್ದೇನೆ.

ಹೆಣ್ಣಿನ ಬಗ್ಗೆ ನೀವು ಕೇಳಿದ್ದು ನನಗೆ ತುಂಬಾ ಖುಷಿಯಾಯಿತು. ದಶಕಗಳ ಕಾಲ ಹೆಣ್ಣಿಲಿಯ ಪಾಲನ್ನು ಒಂದು ಭಂಗಿಗೆ ಇಳಿಸಿಬಿಟ್ಟಿದ್ದರು. ಬೆನ್ನು ತಗ್ಗಿಸಿ, ಸೊಂಟ ಎತ್ತಿ, ಅಲುಗದೆ ನಿಲ್ಲುವ ಲಾರ್ಡೋಸಿಸ್. ಹೊರಗಿನಿಂದ ನೋಡಿದರೆ ಹೆಣ್ಣು ಸುಮ್ನೆ ನಿಂತಿದೆ ಅನ್ನಿಸುತ್ತದೆ. ಒಳಗೆ ಹಾಗಿಲ್ಲ. ಹೆಣ್ಣಿಲಿಗೆ 4–5 ದಿನಕ್ಕೊಮ್ಮೆ ಬೆದೆ ಬರುತ್ತದೆ. ಬೆದೆ ಇಲ್ಲದ ದಿನ ಗಂಡು ಹತ್ತಿರ ಬಂದರೆ ಓಡುತ್ತದೆ, ಒದೆಯುತ್ತದೆ. ಆ 4–5 ದಿನಗಳಲ್ಲೇ ವಿಎಂಎಚ್‌ನಿಂದ ಹೊರಡುವ ನರತಂತುಗಳ ತುದಿಗಳು ಹೆಚ್ಚಾಗಿ, ಮತ್ತೆ ಕಡಿಮೆಯಾಗುತ್ತವೆ ಎಂದು 2019ರಲ್ಲಿ ಗೊತ್ತಾಯಿತು. ಬೆಳೆದ ಪ್ರಾಣಿಯ ಮಿದುಳಿನ ತಂತಿಗಳು ವಾರಕ್ಕೊಮ್ಮೆಗಿಂತ ಬೇಗ ಬೇಗ ಜೋಡಣೆಯಾಗಿ ಕಳಚುತ್ತವೆ! ಹಾರ್ಮೋನ್ ಬರೀ ಮನಸ್ಸನ್ನು ಕದಲಿಸುತ್ತದೆ ಅಂದುಕೊಂಡಿದ್ದವರಿಗೆ ಇದು ದೊಡ್ಡ ಸುದ್ದಿ.

ಆಮೇಲೆ 2024ರಲ್ಲಿ ಆ್ಯಂಡರ್ಸನ್ ಅವರ ತಂಡ ಹೆಣ್ಣಿನ ವಿಎಂಎಚ್‌ನಲ್ಲಿ ಕೂಡುವ ಹೊತ್ತಿನುದ್ದಕ್ಕೂ ಹಸಿರು ಚುಕ್ಕೆಗಳನ್ನು ನೋಡಿತು. ಒಂದೊಂದೇ ಕೋಶ ನೋಡಿದರೆ ಗೊಂದಲ. ಎಲ್ಲವನ್ನೂ ಸೇರಿಸಿ ಗಣಿತದ ಕಣ್ಣಿನಿಂದ ನೋಡಿದಾಗ ನಿಧಾನಕ್ಕೆ ಏರುವ ಒಂದು ಗೆರೆ ಕಂಡಿತು. ಗಂಡು ಮೂಸಿದಾಗ ಸ್ವಲ್ಪ, ಏರಿದಾಗ ಇನ್ನೂ ಸ್ವಲ್ಪ, ಹೀಗೆ ಪ್ರತಿ ಸುಳಿವನ್ನೂ ಕೂಡಿಸಿಕೊಳ್ಳುತ್ತಾ ಹೋಗುತ್ತದೆ. ಸ್ಖಲನಕ್ಕೆ ಸ್ವಲ್ಪ ಮುಂಚೆ ತುದಿ ಮುಟ್ಟುತ್ತದೆ. ಮಧ್ಯೆ ಆ ಚಟುವಟಿಕೆಯನ್ನು ಬೇಕೆಂದೇ ಕದಲಿಸಿದರೂ ತಿರುಗಿ ಅದೇ ಗೆರೆಗೆ ಬಂದು ಸೇರುತ್ತದೆ. ಗೆರೆ ಮೇಲಿದ್ದಷ್ಟೂ ಹೆಣ್ಣು ಗಂಡನ್ನು ಒಪ್ಪಿಕೊಳ್ಳುವುದು ಜಾಸ್ತಿ. ಬೆದೆ ಮುಗಿದರೆ ಆ ಗೆರೆಯೇ ಮಾಯ, ಮುಂದಿನ ಬೆದೆಗೆ ಮತ್ತೆ ಹಾಜರು. ಅಲುಗದೆ ನಿಂತ ಹೆಣ್ಣು ಒಳಗೆ ಲೆಕ್ಕ ಇಡುತ್ತಿರುತ್ತದೆ ಅಂದರೆ ತಪ್ಪಾಗದು. ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ ಅಂದರೆ, ಗಂಡಿನ ಚಲನೆಯನ್ನು ಎಣಿಸುವುದು ಸುಲಭ. ಹೆಣ್ಣಿನದು ಒಳಗೇ ನಡೆಯುತ್ತದೆ. ಜೊತೆಗೆ ಬೆದೆಯ ಚಕ್ರದಿಂದ ಲೆಕ್ಕ ಏರುಪೇರಾಗುತ್ತದೆ ಅಂತ ಹೆಣ್ಣಿಲಿಗಳನ್ನು ಪ್ರಯೋಗದಿಂದಲೇ ಹೊರಗಿಡುವ ರೂಢಿಯೂ ಇತ್ತು. ಅದು ಕೆಟ್ಟ ರೂಢಿ. ಏರುಪೇರು ಅಂತ ದೂರ ಇಟ್ಟದ್ದರಲ್ಲೇ ಉತ್ತರ ಇತ್ತು.

ಕೊನೆಗೆ ಮನುಷ್ಯರ ಮಾತು. ಬಿಎನ್‌ಎಸ್‌ಟಿ, ಪ್ರೀಆಪ್ಟಿಕ್ ಪ್ರದೇಶ, ವಿಎಂಎಚ್ ನಮಗೂ ಇವೆ. ಅಷ್ಟರಿಂದಲೇ ಇಲಿಯ ಕಥೆಯನ್ನು ನಮಗೆ ಹೊಂದಿಸಬೇಡಿ. ಇಲಿಯಂಥ ಕಡಿಯುವ ಪ್ರಾಣಿಗಳ, ಅಂದರೆ ದಂಶಕಗಳ, ಒಳಗೇ ಎಷ್ಟು ವ್ಯತ್ಯಾಸ ನೋಡಿ. ಸ್ಖಲನದ ಬಳಿಕ ರ‍್ಯಾಟ್ ಕೆಲವು ನಿಮಿಷದಲ್ಲಿ ಮತ್ತೆ ಸಿದ್ಧ. ಸಣ್ಣ ಇಲಿಯ ಕೆಲವು ತಳಿಗಳಿಗೆ ದಿನಗಳು ಬೇಕು. ಪ್ರೇರೀ ವೋಲ್ ಎಂಬ ಉತ್ತರ ಅಮೆರಿಕದ ದಂಶಕ ಕೂಡಿದ ಜೊತೆಗಾತಿಯನ್ನು ಬಿಡದೆ ಸಂಸಾರ ಹೂಡುತ್ತದೆ. ಅದಕ್ಕೆ ಆಕ್ಸಿಟೋಸಿನ್ ಹಾರ್ಮೋನೇ ಕಾರಣ ಅಂತ ಎಷ್ಟು ವರ್ಷ ನಂಬಿದ್ದೆವು! 2023ರಲ್ಲಿ ಆಕ್ಸಿಟೋಸಿನ್ ಗ್ರಾಹಕದ ವಂಶವಾಹಿಯನ್ನೇ ಕೆಡಿಸಿ ವೋಲ್‌ಗಳನ್ನು ಬೆಳೆಸಿದರು. ಅವು ಆಗಲೂ ಜೋಡಿ ಕಟ್ಟಿದವು.

ಮಾತ್ರೆ ಬರಬಹುದಾ ಅಂತ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸುದ್ದಿಗಳೆಲ್ಲ ಅಲ್ಲಿಗೇ ಬಂದು ನಿಲ್ಲುತ್ತವೆ. ಸಬ್‌ಸ್ಟೆನ್ಸ್ ಪಿ ಹಿಡಿಯುವ ಗ್ರಾಹಕ ನಮ್ಮಲ್ಲೂ ಇದೆ. ಅದನ್ನು ತಡೆಯುವ ಅಪ್ರೆಪಿಟಂಟ್ ಎಂಬ ಔಷಧಿ ಬಳಕೆಯಲ್ಲೂ ಇದೆ. ಕೊಡುವುದು ಕ್ಯಾನ್ಸರಿಗೆ ಕಿಮೋಥೆರಪಿ ತೆಗೆದುಕೊಳ್ಳುವವರಿಗೆ, ವಾಂತಿ ಬಾರದಿರಲಿ ಅಂತ. ಇಲಿಯ ಪ್ರೀಆಪ್ಟಿಕ್ ಪ್ರದೇಶದಲ್ಲಿ ಆಸೆಗೆ ದಾರಿ ಮಾಡುವ ಗ್ರಾಹಕ, ಮಿದುಳಿನ ಇನ್ನೊಂದು ಕಡೆ ವಾಂತಿಗೆ ದಾರಿ ಮಾಡುತ್ತದೆ. ಪ್ರಯೋಗಾಲಯದಲ್ಲಿ ಬೆಳಕು ಬೀಳುವುದು ಆರಿಸಿದ ಕೆಲವೇ ಕೋಶಗಳ ಮೇಲೆ. ನುಂಗಿದ ಮಾತ್ರೆ ರಕ್ತದಲ್ಲಿ ಬೆರೆತು ಎಲ್ಲ ಕಡೆಗೂ ಹೋಗುತ್ತದೆ.